ವಠಾರದಿಂದ ಅಪಾರ್ಟ್‌ಮೆಂಟಿಗೆ

ಬೆಂಗಳೂರಿನಲ್ಲಿ ಮನೆಗಳು ಒತ್ತೊತ್ತಾಗುತ್ತಿವೆ ಎಂಬ ಕೊರಗು ಇಂದಿನದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಈ ಮಾತು ಕೇಳಿಬಂದಿತ್ತು. ಆಗ ಅದಕ್ಕೆ ಕಾರಣವಾದದ್ದು ಪ್ಲೇಗು.

ಕೆಂಪೇಗೌಡರ ಪೇಟೆ ಕಸುಬುದಾರರ ಊರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಹೇಳುವಂತೆ ಅಲ್ಲಿ ವ್ಯಾಪಾರವೂ ವಾಸವೂ ಒಂದೇ ಬೀದಿಯಲ್ಲಿ. ಅಂಗಡಿಯ ಹಿಂದೆಯೇ ಮನೆ, ಆ ಮನೆಗೆ ಅಂಟಿಕೊಂಡು ಇನ್ನೊಂದು ಮನೆ. ದುಡಿಮೆಗೆ ಅನುಕೂಲವಾಗಿದ್ದ ಈ ಸಾಮೀಪ್ಯವೇ 1898ರಲ್ಲಿ ಮುಳುವಾಯಿತು. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂಬುದು ಆಗಿನ್ನೂ ಸರ್ವಮಾನ್ಯವಾಗಿರಲಿಲ್ಲ. ಗಾಳಿ ಬೆಳಕಿಲ್ಲದ ಇಕ್ಕಟ್ಟೇ ರೋಗದ ಮೂಲವೆಂದು ಬಗೆದ ಅಧಿಕಾರಿಗಳು ಅನೇಕ ಮನೆಗಳನ್ನು ಕೆಡವಿಸಿದರು. ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು.

ಆ ದಶಕದಲ್ಲಿ ಯೋಜಿತವಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಇದರಿಂದ ಚಾಲನೆ ದೊರೆಯಿತು. ನೇರವಾದ ರಸ್ತೆ, ಮನೆಯ ಸುತ್ತ ಬಯಲು, ಮನೆಗಳ ಹಿಂಬದಿಯಲ್ಲಿ ಮಲ ಸಾಗಿಸಲೆಂದೇ ಬಿಟ್ಟ ಓಣಿ: ಇವು ಹೊಸ ಬಡಾವಣೆಯ ಲಕ್ಷಣಗಳು. ಆದರೆ ನಿವೇಶನ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ವಠಾರ. ಒಂದೇ ನಿವೇಶನದಲ್ಲಿ ಸಾಲಾಗಿ ಪುಟ್ಟ ಮನೆಗಳು, ಎಲ್ಲರಿಗೂ ಸೇರಿದ ಅಂಗಳ, ಸರದಿಯ ನಲ್ಲಿ, ಸರದಿಯ ಪಾಯಿಖಾನೆ. ಅಲ್ಲಿ ಜಗಳವೂ ಇತ್ತು, ಆಸರೆಯೂ ಇತ್ತು. ಕಡಿಮೆ ಸಂಬಳದ ಗುಮಾಸ್ತ, ಓದಲು ಬಂದ ಹಳ್ಳಿಯ ಹುಡುಗ ನಗರದಲ್ಲಿ ನೆಲೆ ಕಂಡದ್ದು ಇಂತಹ ಕಡೆಗಳಲ್ಲೇ.

1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ವೇಳೆಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿ ಬಡಾವಣೆಗಳ ಮೇಲೆ ಬಡಾವಣೆ ರಚಿಸಿದರೂ ನಿವೇಶನದ ಹಸಿವು ಹಿಂಗಲಿಲ್ಲ. 2011ರಲ್ಲಿ ಜನಸಂಖ್ಯೆ 84 ಲಕ್ಷ ದಾಟಿತು. ನೆಲ ದುಬಾರಿಯಾದಂತೆ ಮನೆಗಳು ಮೇಲಕ್ಕೆ ಬೆಳೆದವು. ಹಳೆಯ ಬಂಗಲೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಬಂತು, ಅದೆಷ್ಟೋ ವಠಾರಗಳೂ ನೆಲಸಮವಾದವು.

ಒತ್ತಾಗಿ ಬಾಳುವುದೇ ಕೇಡೆಂದು ಹೇಳಲಾಗದು. ಊರು ಹರಡಿದಷ್ಟೂ ಹೊಲ, ತೋಟ, ಕೆರೆಯಂಗಳ ಕರಗುತ್ತವೆ, ಕೆಲಸದ ದಾರಿ ದೂರವಾಗುತ್ತದೆ. ತೊಡಕಿರುವುದು ಬೇರೆಡೆ. ಒಂದು ಕುಟುಂಬಕ್ಕೆಂದು ಅಳೆದ ನಿವೇಶನದಲ್ಲಿ ಹತ್ತು ಕುಟುಂಬ ನೆಲೆಸಿದಾಗ ನೀರಿನ ಕೊಳವೆ, ಚರಂಡಿ, ರಸ್ತೆ ಹತ್ತು ಪಟ್ಟು ಬೆಳೆಯುವುದಿಲ್ಲ. ಪ್ಲೇಗಿನ ಕಾಲದ ಆಡಳಿತ ಗಾಳಿ ಬೆಳಕಿಗೆ ಮೊದಲು ಜಾಗ ಗುರುತಿಸಿ ಆಮೇಲೆ ಮನೆಗಳಿಗೆ ಗೆರೆ ಎಳೆಯಿತು. ಮಹಡಿ ಮೊದಲು, ಚರಂಡಿ ಆಮೇಲೆ ಎಂಬ ಇಂದಿನ ರೂಢಿಯ ಬೆಲೆಯನ್ನು ಪ್ರತಿ ಮಳೆಗಾಲದಲ್ಲೂ ತಗ್ಗಿನ ಮನೆಗಳವರು ತೆರುತ್ತಿದ್ದಾರೆ.