ಕಾಲು ಅಳತೆಯ ನ್ಯಾಟ್

ವಿಜ್ಞಾನ ಪ್ರದರ್ಶನಕ್ಕೆ ನಾವು ಮಾಡಿದ್ದು ನ್ಯಾಟ್ ಯುದ್ಧವಿಮಾನದ ಮಾದರಿ. ಇಂಗ್ಲೆಂಡಿನ ಫೋಲಂಡ್ ಕಂಪನಿಯ ಈ ವಿಮಾನವನ್ನು ಪರವಾನಗಿ ಪಡೆದು ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿತ್ತು. ನ್ಯಾಟ್ ಎಂದರೆ ನುಸಿ; ರೆಕ್ಕೆಯ ತುದಿಯಿಂದ ತುದಿಗೆ ಬರೇ 22 ಅಡಿ 1 ಅಂಗುಲ. ಕಾಲು ಅಳತೆಗೆ ಐದೂವರೆ ಅಡಿ. ಹೊನ್ನಾವರದಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬರು ಬೂರುಗದ ಮರದಲ್ಲಿ ಕೆತ್ತಿಕೊಟ್ಟರು. ರೆಕ್ಕೆ ಹಿಂದಕ್ಕೆ ವಾಲಿದ ಕೋನ ತಪ್ಪಿದೆಯೆಂದು ಮಾಸ್ತರರು ಎರಡು ಸಲ ಬಿಚ್ಚಿಸಿದರು. ಆಚಾರಿಗೆ ಸಿಟ್ಟೇ ಬಂದಿತ್ತು.

ಜಗಳವಾದದ್ದು ಫಲಕ ಬರೆಯುವಾಗ. 1965ರ ಸೆಪ್ಟೆಂಬರ್ 3ರಂದು ಪಾಕಿಸ್ತಾನದ ಸೇಬರ್ ವಿಮಾನವನ್ನು ಹೊಡೆದ ಕೀರ್ತಿ ನ್ಯಾಟ್‌ಗೆ ಬಂತು. ಅದೇ ದಿನ ಇನ್ನೊಂದು ನ್ಯಾಟ್ ಪಸ್ರೂರಿನಲ್ಲಿ ಇಳಿದು ಅವರ ಕೈಸೇರಿತು. ಇದನ್ನು ಬಿಡೋಣವೆಂದೆವು. "ರೆಕ್ಕೆಯ ಅಳತೆ ಮಾತ್ರ ಸರಿ ಇದ್ದರೆ ಸಾಕೇನ್ರೋ?" ಎಂದರು ಮಾಸ್ತರರು. ಎರಡನ್ನೂ ಬರೆದೆವು.