ಜಲಜನಕವೂ ಲೋಹಗಳೂ

ತಾಂಬರಂನಿಂದ ಮದರಾಸಿನ ಬೀಚ್ ನಿಲ್ದಾಣಕ್ಕೆ ವಿದ್ಯುತ್ ರೈಲು ಓಡಲಾರಂಭಿಸಿದ್ದು ೧೯೩೧ರಲ್ಲಿ. ಆ ಹಾದಿಯ ಹಳಿಗಳನ್ನು ದಿನವೂ ಕಾಣುವ ನಾವು, ಅದಿರಿನಿಂದ ಕಬ್ಬಿಣ ಹೇಗೆ ಬೇರೆಯಾಯಿತೆಂದು ಯೋಚಿಸುವುದು ಅಪರೂಪ. ನಮ್ಮ ಮಕ್ಕಳು ಶಾಲೆಯಲ್ಲಿ ಹೈಡ್ರೋಜನ್ ಎಂದು ಕಲಿಯುವ ಅನಿಲಕ್ಕೆ ಕನ್ನಡದಲ್ಲಿ ಜಲಜನಕವೆಂದು ಹೆಸರು. ಈ ಕಥೆಯೆಲ್ಲ ಆ ಹೆಸರಿನಲ್ಲೇ ಅಡಗಿದೆ.

೧೭೬೬ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಸತು, ಕಬ್ಬಿಣ, ತವರಗಳನ್ನು ಆಮ್ಲದಲ್ಲಿ ಹಾಕಿ, ಹೊಮ್ಮಿದ 'ಉರಿಯುವ ಗಾಳಿ'ಯನ್ನು ಪರೀಕ್ಷಿಸಿದನು. ಅದು ಉರಿದರೆ ನೀರಾಗುವುದೆಂದು ತಿಳಿದ ಮೇಲೆ ಫ್ರಾನ್ಸಿನ ಲವಾಸಿಯೆ ಅದಕ್ಕೆ ನೀರು ಹುಟ್ಟಿಸುವುದೆಂಬ ಅರ್ಥದ ಹೆಸರನ್ನಿಟ್ಟನು. ಕೆಂಪಗೆ ಕಾದ ಕಬ್ಬಿಣದ ಕೊಳವೆಯಲ್ಲಿ ಆತ ಹಬೆ ಹಾಯಿಸಿದಾಗ, ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಂಡು ಜಲಜನಕವನ್ನು ಬಿಟ್ಟುಕೊಟ್ಟಿತು. ಇದನ್ನೇ ತಿರುಗಿಸಬಹುದು. ಕಾದ ಅದಿರಿನ ಮೇಲೆ ಜಲಜನಕ ಹಾಯಿಸಿದರೆ ಅದು ಆಮ್ಲಜನಕವನ್ನು ಕಸಿದು ನೀರಾಗುತ್ತದೆ, ಲೋಹ ಉಳಿಯುತ್ತದೆ. ನಮ್ಮ ಮನೆಗಳನ್ನು ಬಹುಕಾಲ ಬೆಳಗಿದ ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಹೀಗೆ ಬಂದದ್ದು. ಇಂಗಾಲ ಬಳಸಿದರೆ ಅದು ಟಂಗ್‌ಸ್ಟನ್ನಿನೊಡನೆ ಬೆರೆತು ಲೋಹವನ್ನು ಕೆಡಿಸುತ್ತದೆ.

ಕಬ್ಬಿಣಕ್ಕೆ ಮಾತ್ರ ಇಂಗಾಲವೇ ಅಗ್ಗವಾಗಿತ್ತು. ೧೯೨೩ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಮರದ ಇದ್ದಿಲು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ಹೊತ್ತು ನಿಲ್ಲಿಸಿದರು. ಕಟ್ಟಿಗೆಯನ್ನು ಬಟ್ಟಿಯಿಳಿಸಿ ಇದ್ದಿಲಿನ ಜೊತೆಗೆ ಟಾರು, ಮರದ ಮದ್ಯಸಾರಗಳನ್ನೂ ತೆಗೆಯುತ್ತಿದ್ದರು. ನಮ್ಮ ನಾಡಿಗೆ ಕಬ್ಬಿಣ ದೊರೆಯಿತು, ಹೆಮ್ಮೆಯೂ ದೊರೆಯಿತು. ಆದರೆ ಮಲೆನಾಡಿನ ಕಾಡು ಕುಲುಮೆಗೆ ಬಿತ್ತು, ಇಂಗಾಲಾಮ್ಲ ಗಾಳಿಗೆ ಸೇರಿತು.

ಈಗ ಜಗತ್ತು ಜಲಜನಕದ ಕಡೆ ನೋಡುತ್ತಿದೆ. ಸ್ವೀಡನ್ನಿನ ಲೂಲಿಯೋ ಎಂಬಲ್ಲಿ ೨೦೨೧ರಲ್ಲಿ ಪ್ರಾಯೋಗಿಕ ಘಟಕವೊಂದು ಜಲಜನಕದಿಂದಲೇ ಕಬ್ಬಿಣ ತೆಗೆಯಿತು. ಲೆಕ್ಕದ ಪ್ರಕಾರ ಒಂದು ಟನ್ ಕಬ್ಬಿಣಕ್ಕೆ ಸುಮಾರು ೫೪ ಕಿಲೋ ಜಲಜನಕ ಬೇಕು. ಹೊರಬರುವುದು ಸುಮಾರು ೪೮೦ ಕಿಲೋ ನೀರು. ಆದರೆ ಆ ಜಲಜನಕವನ್ನು ಕಲ್ಲಿದ್ದಲು ಅಥವಾ ನೈಸರ್ಗಿಕ ಅನಿಲದಿಂದ ತೆಗೆದರೆ ಹೊಗೆ ತಪ್ಪದು. ಬಿಸಿಲು, ಗಾಳಿ, ನೀರಿನ ವಿದ್ಯುತ್ತಿನಿಂದ ನೀರನ್ನೇ ಒಡೆದು ತೆಗೆಯಬೇಕು.

ಇನ್ನೊಂದು ಎಚ್ಚರವೂ ಬೇಕು. ಉಕ್ಕಿನೊಳಗೆ ನುಸುಳಿದ ಜಲಜನಕ ಅದನ್ನು ಪೆಡಸಾಗಿಸಿ ಬಿರುಕು ಬಿಡಿಸುತ್ತದೆಂದು ೧೮೭೫ರಲ್ಲೇ ಜಾನ್ಸನ್ ತೋರಿಸಿದ್ದನು. ಲೋಹವನ್ನು ಬಿಡಿಸುವ ಕೈಯೇ ಲೋಹವನ್ನು ಮುರಿಯಲೂ ಬಲ್ಲುದು.

ಮಕ್ಕಳು ಹೈಡ್ರೋಜನ್ ಎಂದೇ ಬರೆಯಲಿ. ಮನೆಯಲ್ಲಿ ಒಮ್ಮೆಯಾದರೂ ಜಲಜನಕವೆಂದು ಹೇಳಿಕೊಟ್ಟು, ಭದ್ರಾವತಿಯ ಇದ್ದಿಲಿನ ಕಥೆಯನ್ನೂ ಹೇಳೋಣ.