ಪ್ರೊಸೆಸರ್ ಬದಲಿಸುವ ಮುನ್ನ

ಮನೆಯ ಗಣಕವನ್ನು ಉನ್ನತೀಕರಿಸಲು ಹೊರಟಾಗ ನಾವು ಮೊದಲು ವಿಚಾರಿಸುವುದು ಗಿಗಾಹರ್ಟ್ಸ್ ಎಷ್ಟೆಂದು. ಈ ಅಂಕಿಯೊಂದನ್ನೇ ನೆಚ್ಚಲಾಗದು. 2004ರ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 2006ರ ಕೋರ್ 2 ಡ್ಯುಯೊ ಅದಕ್ಕಿಂತ ಕಡಿಮೆ ವೇಗದಲ್ಲಿಯೇ ಅದನ್ನು ಹಿಂದಿಕ್ಕಿತು. ಪ್ರತಿ ಮಿಡಿತದಲ್ಲಿ ಸಾಗುವ ಕಾರ್ಯವೆಷ್ಟು ಎಂಬುದೂ ಅಷ್ಟೇ ಮುಖ್ಯ. ಪತ್ರವ್ಯವಹಾರ, ಲೆಕ್ಕಪತ್ರ, ಅಂತರಜಾಲಗಳಿಗೆ ನಾಲ್ಕಾರು ಕೋರ್‌ಗಳು ಧಾರಾಳವಾಗಿ ಸಾಕು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಈ ವಿಷಯಕ್ಕೆ ತುರ್ತು ಒದಗಿದೆ. ವಿಂಡೋಸ್ 11 ಬಯಸುವುದು, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ 8ನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರನ್ನು. ಇಲ್ಲೊಂದು ತೊಡಕಿದೆ. 6, 7 ಮತ್ತು 8ನೆಯ ಪೀಳಿಗೆಗಳ ಸಾಕೆಟ್‌ಗೆ ಎಲ್‌ಜಿಎ 1151 ಎಂಬ ಒಂದೇ ಹೆಸರು. ಆದರೂ 8ನೆಯದಕ್ಕೆ 300 ಶ್ರೇಣಿಯ ಚಿಪ್‌ಸೆಟ್ ಇರುವ ಮದರ್‌ಬೋರ್ಡೇ ಬೇಕು. ಹೆಸರು ನೋಡಿ ಕೊಂಡರೆ ಹಣ ವ್ಯರ್ಥ. ಎಎಂಡಿಯವರು ಈ ವಿಷಯದಲ್ಲಿ ಗ್ರಾಹಕರಿಗೆ ಹೆಚ್ಚು ಉಪಕಾರಿಗಳೆಂದೇ ನಮ್ಮ ಎಣಿಕೆ: ಎಎಂ4 ಸಾಕೆಟ್‌ನ ಹಲವು ಹಳೆಯ ಬೋರ್ಡ್‌ಗಳು ಬಯೋಸ್ ನವೀಕರಣದ ಬಳಿಕ ರೈಜನ್ 5000 ಶ್ರೇಣಿಯನ್ನೂ ಸ್ವೀಕರಿಸುತ್ತವೆ. 2022ರ ಎಎಂ5ಕ್ಕೆ ಮಾತ್ರ ಡಿಡಿಆರ್5 ಸ್ಮೃತಿಯೇ ಆಗಬೇಕು. ಅಲ್ಲಿಗೆ ಬೋರ್ಡು, ಸ್ಮೃತಿ, ಪ್ರೊಸೆಸರ್ ಮೂರಕ್ಕೂ ಖರ್ಚು.

ಇಂಟೆಲ್ ಮಾದರಿ ಸಂಖ್ಯೆಯ ಕೊನೆಯ 'ಎಫ್' ಅಕ್ಷರವನ್ನೂ ಗಮನಿಸಬೇಕು. ಅದರಲ್ಲಿ ಗ್ರಾಫಿಕ್ಸ್ ಅಂತರ್ಗತವಾಗಿರದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆ ಬೆಳಗದು. ಬಯೋಸ್ ನವೀಕರಣವನ್ನು ಹಳೆಯ ಪ್ರೊಸೆಸರ್ ಕಳಚುವ ಮೊದಲೇ ಮುಗಿಸಿಕೊಳ್ಳತಕ್ಕದ್ದು. ಹೊಸದನ್ನು ಕೂರಿಸಿದ ಮೇಲೆ ಬೋರ್ಡು ಅದನ್ನು ಗುರುತಿಸದೆ ಹೋಗಬಹುದು.